ಗಣಿತದಲ್ಲಿ ಫೇಲಾದವನ ಹಗುರ ಕಾರು

1948ರಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಇಪ್ಪತ್ತರ ಹುಡುಗನೊಬ್ಬ ಅಂತಿಮ ಪರೀಕ್ಷೆಯ ಗಣಿತದಲ್ಲಿ ಫೇಲಾದ. ಡಿಗ್ರಿ ಕೈಗೆ ಬರಲಿಲ್ಲ. ಅದಕ್ಕೆ ಕೆಲವು ತಿಂಗಳ ಮುಂಚೆಯಷ್ಟೇ ಕೂಡಿಟ್ಟ ದುಡ್ಡೂ ಹೋಗಿತ್ತು. ಅವನ ಬಳಿ ಉಳಿದದ್ದು ಮಾರಾಟವಾಗದ ಒಂದು ಹಳೆಯ ಕಾರು ಮತ್ತು ಅದನ್ನು ನಿಲ್ಲಿಸಲು ಪ್ರೇಯಸಿಯ ಮನೆಯ ಹಿಂದಿನ ಒಂದು ಗ್ಯಾರೇಜು. ಹುಡುಗನ ಹೆಸರು ಕಾಲಿನ್ ಚಾಪ್‌ಮನ್. ಮುಂದೆ ಲೋಟಸ್ ಎಂಬ ಸ್ಪೋರ್ಟ್ಸ್ ಕಾರುಗಳನ್ನು ಜಗತ್ತಿಗೆ ಕೊಟ್ಟವನು ಇವನೇ.

ಎಂ-3, ಎಂ-4 ಪೇಪರುಗಳನ್ನು ಬೆನ್ನಿಗೆ ಕಟ್ಟಿಕೊಂಡು ಸೆಮಿಸ್ಟರ್ ದಾಟುವ ನಮ್ಮಂಥವರಿಗೆ ಇಂಥ ಕಥೆ ಕೇಳಿದರೆ ಖುಷಿಯಾಗುತ್ತದೆ. ಫೇಲಾದವನೂ ಗೆಲ್ಲುತ್ತಾನೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಗಳಿಗೂ ಬರವಿಲ್ಲ. ಆದರೆ ಚಾಪ್‌ಮನ್‌ನ ಬದುಕು ಅಷ್ಟು ಸರಳವಾಗಿಲ್ಲ. ಅದರಲ್ಲಿ ಕಲಿಯುವಂಥದ್ದೂ ಇದೆ, ಹೆದರುವಂಥದ್ದೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಪಕ್ಕದ ರಿಚ್ಮಂಡ್‌ನಲ್ಲಿ. ತಂದೆ ಉತ್ತರ ಲಂಡನ್ನಿನ ಹಾರ್ನ್‌ಸಿ ಎಂಬಲ್ಲಿ ರೈಲ್ವೆ ಹೋಟೆಲ್ ಎಂಬ ಪಬ್ ನಡೆಸುತ್ತಿದ್ದರು. ಕಾಲೇಜಿನಲ್ಲಿದ್ದಾಗಲೇ ಹುಡುಗನಿಗೆ ವ್ಯಾಪಾರದ ಚಾಳಿ ಹತ್ತಿತು. ಗೆಳೆಯನೊಬ್ಬನ ಜತೆ ಸೇರಿ ಹಳೆಯ ಕಾರುಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ. ಎರಡನೇ ಮಹಾಯುದ್ಧ ಮುಗಿದ ಹೊಸತು. ಹೊಸ ಕಾರುಗಳು ಸಿಗುತ್ತಿರಲಿಲ್ಲವಾದ್ದರಿಂದ ಹಳೆಯವಕ್ಕೆ ಒಳ್ಳೆಯ ಬೆಲೆಯಿತ್ತು. ಆದರೆ 1947ರ ಕೊನೆಯಲ್ಲಿ ಸರ್ಕಾರ ಖಾಸಗಿ ವಾಹನಗಳಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿಬಿಟ್ಟಿತು. ಪೆಟ್ರೋಲೇ ಇಲ್ಲದ ಮೇಲೆ ಕಾರು ಯಾರಿಗೆ ಬೇಕು? ಬೆಲೆಗಳು ನೆಲ ಕಚ್ಚಿದವು. ಇದ್ದಬದ್ದ ಕಾರುಗಳನ್ನೆಲ್ಲ ನಷ್ಟಕ್ಕೆ ಮಾರಿದ ಮೇಲೆ ಉಳಿದದ್ದು ಒಂದು ಹಳೆಯ ಆಸ್ಟಿನ್ ಸೆವೆನ್.

ಯಾರೂ ಕೊಳ್ಳದ ಆ ಪುಟ್ಟ ಕಾರನ್ನು ಏನು ಮಾಡುವುದು? ಚಾಪ್‌ಮನ್ ಅದರ ಹಳೆಯ ಬಾಡಿಯನ್ನು ಕಿತ್ತೆಸೆದ. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್ಡಿನಿಂದ ಹೊಸದನ್ನು ಕಟ್ಟಿದ. ಕಾಲೇಜಿನ ವಾಯುದಳದ ಘಟಕದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದವನಿಗೆ ವಿಮಾನದ ಮೈಕಟ್ಟಿನ ಗುಟ್ಟು ಗೊತ್ತಿತ್ತು. ವಿಮಾನದ ಹೊರಮೈ ಬರೀ ಹೊದಿಕೆಯಾಗಿರುವುದಿಲ್ಲ, ಅದೂ ಭಾರ ಹೊರುತ್ತದೆ. ಹಾಗಾಗಿ ಒಳಗಿನ ಅಸ್ಥಿಪಂಜರ ದಪ್ಪವಾಗಿರಬೇಕಿಲ್ಲ. ಇದೇ ಲೆಕ್ಕದಲ್ಲಿ ಕಟ್ಟಿದ ಕಾರು ಹಗುರವಾಗಿಯೂ ಗಟ್ಟಿಯಾಗಿಯೂ ಇತ್ತು. ಪ್ರೇಯಸಿ ಹೇಜಲ್ ವಿಲಿಯಮ್ಸ್ ಜತೆ ಅದನ್ನು ಕೆಸರುಗುಡ್ಡ ಹತ್ತುವ ಸ್ಪರ್ಧೆಗಳಿಗೆ ಒಯ್ದ. ಅದಕ್ಕೆ ಇಟ್ಟ ಹೆಸರು ಲೋಟಸ್, ಅಂದರೆ ನಮ್ಮ ತಾವರೆ. ಈ ಹೆಸರು ಯಾಕೆ ಎಂಬುದನ್ನು ಅವನು ಲೋಕಕ್ಕೆ ಸ್ಪಷ್ಟವಾಗಿ ಹೇಳಲೇ ಇಲ್ಲ.

ಗಣಿತವನ್ನು ಅವನು ಅಲ್ಲಿಗೇ ಬಿಡಲಿಲ್ಲ ಎಂಬುದು ಭಾಷಣಕಾರರು ಮರೆಯುವ ಸಂಗತಿ. ಮತ್ತೆ ಪರೀಕ್ಷೆ ಬರೆದು ಪಾಸಾದ, ಡಿಗ್ರಿ ಪಡೆದ. ಸ್ವಲ್ಪ ಕಾಲ ವಾಯುಪಡೆಯಲ್ಲಿದ್ದು, ಬಳಿಕ ಬ್ರಿಟಿಷ್ ಅಲ್ಯೂಮಿನಿಯಂ ಎಂಬ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. 1952ರ ಜನವರಿ 1ರಂದು ಲೋಟಸ್ ಎಂಜಿನಿಯರಿಂಗ್ ಕಂಪನಿ ಆರಂಭವಾಯಿತು. ಬಂಡವಾಳ ಹೇಜಲ್ ಕೊಟ್ಟ 25 ಪೌಂಡ್. ಕಾರ್ಖಾನೆ ಎಂದರೆ ತಂದೆಯ ಪಬ್ಬಿನ ಹಿಂದಿದ್ದ ಹಳೆಯ ಕುದುರೆ ಲಾಯ. ಹಗಲು ನೌಕರಿ, ಸಂಜೆಯಿಂದ ನಡುರಾತ್ರಿಯವರೆಗೆ ಲಾಯದಲ್ಲಿ ದುಡಿಮೆ. ಕೆಲಸ ಬಿಟ್ಟು ಪೂರ್ತಿಯಾಗಿ ಕಾರಿಗೆ ಇಳಿದದ್ದು 1955ರಲ್ಲಿ. ಅಂದರೆ ಮೂರು ವರ್ಷ ಸಂಬಳದ ಹಗ್ಗವನ್ನು ಬಿಡದೆಯೇ ಕನಸನ್ನು ಸಾಕಿದ. ಅದರ ಹಿಂದಿನ ವರ್ಷ ಹೇಜಲ್ ಅವನ ಹೆಂಡತಿಯಾಗಿದ್ದಳು.

ಅವನ ಕಾರುಗಳ ಮೂಲಮಂತ್ರ ಪಿಯುಸಿ ಭೌತಶಾಸ್ತ್ರದಷ್ಟೇ ಸರಳ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಕಾರು ಬೇಗ ಓಡಬೇಕೆಂದರೆ ಎಂಜಿನ್ನನ್ನು ದೊಡ್ಡದು ಮಾಡಬಹುದು, ಇಲ್ಲವೇ ತೂಕವನ್ನು ಇಳಿಸಬಹುದು. ದೊಡ್ಡ ಎಂಜಿನ್ ನೇರ ರಸ್ತೆಯಲ್ಲಿ ಮಾತ್ರ ಉಪಕಾರಿ. ತೂಕ ಇಳಿದರೆ ಓಟಕ್ಕೂ ಲಾಭ, ಬ್ರೇಕಿಗೂ ಲಾಭ, ತಿರುವಿಗೂ ಲಾಭ. ದೊಡ್ಡ ಎಂಜಿನ್ ಕೊಳ್ಳಲು ದುಡ್ಡಿಲ್ಲದವನಿಗೆ ಎರಡನೆಯ ದಾರಿಯೇ ಗತಿಯಾಗಿತ್ತು. ಬಡತನವೇ ಅವನ ವಿನ್ಯಾಸದ ಗುರುವಾಯಿತು.

1957ರಲ್ಲಿ ಬಂದ ಲೋಟಸ್ ಸೆವೆನ್ ಈ ವಿಚಾರದ ಬೆತ್ತಲೆ ರೂಪ. ತೆಳು ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ಹಾಳೆ, ಎರಡು ಸೀಟು. ಬಾಗಿಲಿಲ್ಲ, ಗಟ್ಟಿ ಚಾವಣಿಯೂ ಇಲ್ಲ. ಫೋರ್ಡ್ ಕಂಪನಿಯ ಸಾಧಾರಣ ಎಂಜಿನ್ ಕೊಡುತ್ತಿದ್ದುದು ಸುಮಾರು 40 ಅಶ್ವಶಕ್ತಿ. ಕಾರಿನ ತೂಕ 500 ಕೆಜಿಯೊಳಗೆ. ನಮ್ಮ ಮಾರುತಿ 800 ಕೂಡ ಇದಕ್ಕಿಂತ ಭಾರ. ಅದೇ ಕಾಲದ ಬ್ರಿಟಿಷ್ ಮಾದರಿಯಿಂದ ನಮ್ಮಲ್ಲಿ ತಯಾರಾದ ಅಂಬಾಸಿಡರ್ ಸಾವಿರ ಕೆಜಿ ಮೀರಿತ್ತು.

ಸೆವೆನ್ ಬಿಡಿಭಾಗಗಳ ಕಿಟ್ ರೂಪದಲ್ಲೂ ಸಿಗುತ್ತಿತ್ತು. ಜೋಡಿಸಿದ ಕಾರಿಗಿದ್ದ ಖರೀದಿ ತೆರಿಗೆ ಬಿಡಿಭಾಗಗಳಿಗೆ ಇರಲಿಲ್ಲ. ಆದರೆ ಜೋಡಣೆಯ ಕೈಪಿಡಿ ಕೊಡುವಂತಿರಲಿಲ್ಲವಂತೆ. ಹಾಗಾಗಿ ಕಾರನ್ನು ಬಿಚ್ಚುವುದು ಹೇಗೆಂಬ ಕೈಪಿಡಿ ಕೊಟ್ಟು, ಅದನ್ನು ಹಿಂದಿನಿಂದ ಓದಿಕೊಳ್ಳಲು ಬಿಡುತ್ತಿದ್ದರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಹೀಗೆ ಸಂಬಳದ ಯುವಕರು ತಮ್ಮ ಮನೆಯ ಶೆಡ್ಡಿನಲ್ಲಿ ತಮ್ಮದೇ ಕೈಯಿಂದ ಸ್ಪೋರ್ಟ್ಸ್ ಕಾರು ಕಟ್ಟಿಕೊಂಡರು. ವಾರವಿಡೀ ಕೆಲಸಕ್ಕೆ ಓಡಿಸಿ, ಭಾನುವಾರ ಅದನ್ನೇ ರೇಸಿಗೆ ಒಯ್ದರು.

1962ರಲ್ಲಿ ಬಂದ ಎಲಾನ್ ಇನ್ನೂ ನಯವಾದ ಕಾರು. ಫೈಬರ್‌ಗ್ಲಾಸ್ ಬಾಡಿ, ಅದರೊಳಗೆ ಬೆನ್ನುಮೂಳೆಯ ಹಾಗೆ ಉದ್ದಕ್ಕೆ ಚಾಚಿದ ಮಡಚಿದ ಉಕ್ಕಿನ ತಗಡಿನ ಚಾಸಿ, ಸುಮಾರು 1.6 ಲೀಟರ್ ಎಂಜಿನ್. ತೂಕ 700 ಕೆಜಿಯೊಳಗೆ. ನೆಲಕ್ಕೆ ತಾಗುವಂತೆ ಕುಳಿತು ಓಡಿಸುವ ಈ ಕಾರಿನ ಸ್ಟೀರಿಂಗ್ ಎಷ್ಟು ಹಗುರ ಮತ್ತು ನೇರವೆಂದರೆ, ರಸ್ತೆಯ ಸಣ್ಣ ಕಲ್ಲೂ ಬೆರಳಿಗೆ ತಿಳಿಯುತ್ತದೆ ಎಂದು ಓಡಿಸಿದವರು ಹೇಳುತ್ತಾರೆ. ಜಪಾನಿನ ಮಾಜ್ದಾ ಕಂಪನಿ 1989ರಲ್ಲಿ ತನ್ನ ಎಂಎಕ್ಸ್-5 ಕಾರು ತರುವಾಗ ಮಾದರಿಯಾಗಿ ನೋಡಿದ್ದು ಈ ಎಲಾನನ್ನೇ.

ಚಾಪ್‌ಮನ್‌ನ ಇನ್ನೊಂದು ಜಾಣತನವೆಂದರೆ ಒಂದೇ ಭಾಗದಿಂದ ಎರಡು ಕೆಲಸ ಮಾಡಿಸುವುದು. ಎಲಾನ್‌ನ ಹೆಡ್‌ಲೈಟುಗಳು ಬೇಕಾದಾಗ ಮೇಲೇಳುತ್ತವೆ. ಅವನ್ನು ಎತ್ತುವುದು ಎಂಜಿನ್ನಿನ ನಿರ್ವಾತದ ಬಲ. ಆ ನಿರ್ವಾತವನ್ನು ಕೂಡಿಡಲು ಪ್ರತ್ಯೇಕ ಟ್ಯಾಂಕ್ ಇಡುವ ಬದಲು ಚಾಸಿಯ ಮುಂದಿನ ಟೊಳ್ಳು ಅಡ್ಡಪಟ್ಟಿಯನ್ನೇ ಟ್ಯಾಂಕಾಗಿ ಬಳಸಿದರು. ಒಂದು ಟ್ಯಾಂಕಿನ ತೂಕ ಉಳಿಯಿತು. ಈ ಅಡ್ಡಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಅದರ ಕಡೆಗೆ ಮತ್ತೆ ಬರುತ್ತೇನೆ.

ರೇಸಿನಲ್ಲಿ ಲೋಟಸ್ ಏರಿದ ಎತ್ತರ ದೊಡ್ಡದು. 1962ರ ಲೋಟಸ್ 25 ಕಾರಿನಲ್ಲಿ ಕೊಳವೆಗಳ ಚೌಕಟ್ಟು ಬಿಟ್ಟು ವಿಮಾನದಂತೆ ತಗಡಿನ ಮೈಯನ್ನೇ ಚಾಸಿಯಾಗಿಸಿದ. ಆ ಕಾರಿನಲ್ಲಿ ಸ್ಕಾಟ್ಲೆಂಡಿನ ರೈತ ಜಿಮ್ ಕ್ಲಾರ್ಕ್ 1963ರ ಹತ್ತು ಫಾರ್ಮುಲಾ ಒನ್ ರೇಸುಗಳಲ್ಲಿ ಏಳನ್ನು ಗೆದ್ದು ವಿಶ್ವ ಚಾಂಪಿಯನ್ ಆದ. 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಗೆದ್ದ. ಒಟ್ಟು ಏಳು ಸಲ ತಯಾರಕರ ವಿಶ್ವ ಪ್ರಶಸ್ತಿ ಲೋಟಸ್ ಪಾಲಾಯಿತು. 1966ರಲ್ಲಿ ಕಂಪನಿ ನಾರ್ಫೋಕ್‌ನ ಹೆಥೆಲ್‌ನಲ್ಲಿದ್ದ ಯುದ್ಧಕಾಲದ ವಿಮಾನ ನಿಲ್ದಾಣಕ್ಕೆ ಸ್ಥಳಾಂತರವಾಯಿತು. ಕುದುರೆ ಲಾಯದಿಂದ ಅಲ್ಲಿಗೆ ಕೇವಲ ಹದಿನಾಲ್ಕು ವರ್ಷ.

ಆದರೆ ಹಗುರ ಮಾಡುತ್ತ ಹೋದವನಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿತ್ತೇ? ಸಾಮಾನ್ಯ ಎಂಜಿನಿಯರ್ ಒಂದು ಭಾಗಕ್ಕೆ ಬರುವ ಹೊರೆಯನ್ನು ಲೆಕ್ಕ ಹಾಕಿ, ಅದರ ಎರಡೋ ಮೂರೋ ಪಟ್ಟು ತಾಳುವಂತೆ ಮಾಡುತ್ತಾನೆ. ಈ ಹೆಚ್ಚುವರಿಯನ್ನು ನಾವು ಫ್ಯಾಕ್ಟರ್ ಆಫ್ ಸೇಫ್ಟಿ ಎನ್ನುತ್ತೇವೆ. ಚಾಪ್‌ಮನ್‌ನ ಕತ್ತರಿ ಆಡುತ್ತಿದ್ದುದು ಈ ಹೆಚ್ಚುವರಿಯ ಮೇಲೆಯೇ. 1960ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಅಭ್ಯಾಸದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಚಕ್ರ ಕಳಚಿತು. ಅವನ ಎರಡೂ ಕಾಲು ಮುರಿದವು. ಅದೇ ದಿನ ಮೈಕ್ ಟೇಲರ್ ಎಂಬ ಚಾಲಕನ ಲೋಟಸ್‌ನಲ್ಲಿ ಸ್ಟೀರಿಂಗ್ ಕಂಬವೇ ತುಂಡಾಯಿತು. ಅವನ ರೇಸಿನ ಬದುಕು ಅಲ್ಲಿಗೆ ಮುಗಿಯಿತು.

1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್ ಸತ್ತ. ಆ ಅಪಘಾತಕ್ಕೆ ಟೈರಿನ ಗಾಳಿ ಇಳಿದದ್ದೇ ಕಾರಣವಿರಬೇಕೆಂದು ಹೆಚ್ಚಿನವರ ಅಭಿಪ್ರಾಯ. ತಮ್ಮನಂತಿದ್ದ ಗೆಳೆಯನನ್ನು ಕಳೆದುಕೊಂಡ ಚಾಪ್‌ಮನ್ ಕುಸಿದುಹೋದ. ಆದರೂ ಕತ್ತರಿ ಕೆಳಗಿಡಲಿಲ್ಲ. ಮರುವರ್ಷ ಬಾರ್ಸಿಲೋನಾದ ರೇಸಿನಲ್ಲಿ ಲೋಟಸ್‌ನ ಇಬ್ಬರು ಚಾಲಕರ ಕಾರುಗಳಲ್ಲೂ ಎತ್ತರದ ರೆಕ್ಕೆಗಳು ಮುರಿದು ಬಿದ್ದವು. ಅವರಲ್ಲಿ ಒಬ್ಬನಾದ ಯೋಹೆನ್ ರಿಂಟ್ ಚಾಪ್‌ಮನ್‌ಗೆ ಪತ್ರ ಬರೆದ. ಈ ಕಾರುಗಳು ಮೊದಲೇ ಇಷ್ಟು ವೇಗದವು, ದುರ್ಬಲ ಭಾಗಗಳಿಗೆ ಸ್ವಲ್ಪ ತೂಕ ಸೇರಿಸಿ ಗಟ್ಟಿ ಮಾಡಿದರೂ ಗೆಲ್ಲಬಹುದು ಎಂಬುದು ಅದರ ಸಾರ. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಅದೇ ರಿಂಟ್‌ನ ಕಾರು ಬ್ರೇಕ್ ಹಾಕುವಾಗ ದಿಕ್ಕು ತಪ್ಪಿ ತಡೆಬೇಲಿಗೆ ನುಗ್ಗಿತು. ಮುಂದಿನ ಬ್ರೇಕಿನ ಟೊಳ್ಳು ಶಾಫ್ಟ್ ಮುರಿದಿತ್ತು. ತಡೆಬೇಲಿಯೂ ಸರಿಯಾಗಿ ಕೂರಿಸಿರಲಿಲ್ಲ. ರಿಂಟ್ ಬದುಕಲಿಲ್ಲ. ಆ ವರ್ಷ ಅವನ ಅಂಕಗಳನ್ನು ಯಾರೂ ದಾಟಲಾಗಲಿಲ್ಲ. ಸತ್ತ ಮೇಲೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವನು ಇಂದಿಗೂ ಅವನೊಬ್ಬನೇ.

ಆ ಪತ್ರದ ಬಗ್ಗೆ ಓದಿದ ದಿನ ನನಗೆ ಡಿಸೈನ್ ಲ್ಯಾಬಿನ ಲೆಕ್ಕಗಳು ಬೇರೆಯಾಗಿ ಕಂಡವು. ಫ್ಯಾಕ್ಟರ್ ಆಫ್ ಸೇಫ್ಟಿಗೆ 2 ಅಥವಾ 3 ಎಂದು ಟೇಬಲ್ ನೋಡಿ ಬರೆದು ಮುಂದಿನ ಸ್ಟೆಪ್ಪಿಗೆ ಹೋಗುತ್ತೇವೆ. ಆ ಅಂಕಿಯ ಆಚೆ ಒಬ್ಬ ಮನುಷ್ಯ ಕುಳಿತಿರುತ್ತಾನೆ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಚಾಪ್‌ಮನ್‌ನ ಕೊನೆಯೂ ನೆಮ್ಮದಿಯದಾಗಿರಲಿಲ್ಲ. 1978ರಲ್ಲಿ ಅಮೆರಿಕದ ಜಾನ್ ಡಿಲೋರಿಯನ್ ಬ್ರಿಟಿಷ್ ಸರ್ಕಾರದ ದೊಡ್ಡ ನೆರವಿನೊಂದಿಗೆ ಉತ್ತರ ಐರ್ಲೆಂಡಿನಲ್ಲಿ ಕಾರು ಕಾರ್ಖಾನೆ ತೆರೆಯಲು ಹೊರಟ. ಆ ಕಾರನ್ನು ಉತ್ಪಾದನೆಗೆ ಸಿದ್ಧಪಡಿಸುವ ಹೊಣೆ ಲೋಟಸ್‌ಗೆ ಬಂತು. ಕೆಲಸವೇನೋ ನಡೆಯಿತು, ಆದರೆ ಲಕ್ಷಾಂತರ ಡಾಲರ್ ಪನಾಮದಲ್ಲಿ ನೋಂದಾಯಿಸಿದ ಕಂಪನಿಯೊಂದರ ಮೂಲಕ ಮಾಯವಾಗಿತ್ತು. 1982ರಲ್ಲಿ ಡಿಲೋರಿಯನ್ ಕಂಪನಿ ಮುಳುಗಿತು. ಅದೇ ವರ್ಷದ ಡಿಸೆಂಬರ್ 16ರಂದು ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 54. ಹತ್ತು ವರ್ಷಗಳ ಬಳಿಕ ಇದೇ ಹಣದ ಪ್ರಕರಣದಲ್ಲಿ ಲೋಟಸ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿಗೆ ಜೈಲಾಯಿತು. ಚಾಪ್‌ಮನ್ ಬದುಕಿದ್ದು ವಿಚಾರಣೆ ಎದುರಿಸಿದ್ದರೆ ಇನ್ನೂ ದೀರ್ಘ ಶಿಕ್ಷೆಯಾಗುತ್ತಿತ್ತೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ಕಾರಿನಲ್ಲಿ ಒಂದೊಂದು ಗ್ರಾಂಗೂ ಲೆಕ್ಕ ಕೇಳಿದವನು ಹಣದ ಲೆಕ್ಕವನ್ನು ಹೀಗೆ ಬಿಟ್ಟು ಹೋದ.

ಅವನ ಕಾರುಗಳು ಮಾತ್ರ ಸಾಯಲಿಲ್ಲ. ಸೆವೆನ್ ತಯಾರಿಸುವ ಹಕ್ಕನ್ನು 1973ರಲ್ಲಿ ಕೊಂಡ ಕೇಟರ್‌ಹ್ಯಾಮ್ ಕಂಪನಿ ಅದನ್ನು ಇಂದಿಗೂ ಕಟ್ಟುತ್ತಿದೆ. ಇಂಗ್ಲೆಂಡಿನ ಎಷ್ಟೋ ಶೆಡ್ಡುಗಳಲ್ಲಿ ಅರವತ್ತರ ದಶಕದ ಎಲಾನ್‌ಗಳು ಮರುಜೀವ ಪಡೆಯುತ್ತಿವೆ. ಫೈಬರ್‌ಗ್ಲಾಸ್ ಬಾಡಿ ತುಕ್ಕು ಹಿಡಿಯುವುದಿಲ್ಲ, ಬಣ್ಣದ ಕೆಳಗೆ ಸೀಳು ಬಿಟ್ಟರೂ ತುಂಬಿ ತಿಕ್ಕಿ ಸರಿಮಾಡಬಹುದು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ರಬ್ಬರ್ ಕಪ್ಲಿಂಗ್‌ಗಳು ಬಿರುಕು ಬಿಟ್ಟಿವೆಯೇ ಎಂದು ಆಗಾಗ ಬಗ್ಗಿ ನೋಡಬೇಕು. ನಿಜವಾದ ಪರೀಕ್ಷೆ ಇರುವುದು ಬೋಲ್ಟ್ ಬಿಚ್ಚಿ ಬಾಡಿಯನ್ನು ಎತ್ತಿದಾಗ. ಹಿಂದೆ ಹೇಳಿದ ಆ ಟೊಳ್ಳು ಅಡ್ಡಪಟ್ಟಿಯ ಸುತ್ತ ನೀರು ನಿಂತು ತಗಡು ತುಕ್ಕು ಹಿಡಿದಿರುತ್ತದೆ. ಅದರಲ್ಲಿ ತೂತು ಬಿದ್ದರೆ ನಿರ್ವಾತ ಸೋರಿ ಮೊದಲ ಎಲಾನ್‌ಗಳ ಹೆಡ್‌ಲೈಟು ಮೆಲ್ಲನೆ ಕೆಳಗಿಳಿಯುತ್ತದೆ. ಮುಂದಿನ ಚಕ್ರಗಳನ್ನು ಹಿಡಿದಿರುವ ಲೋಹವೂ ಅದೇ. ಎರಡು ಕೆಲಸ ಹೊತ್ತ ಭಾಗ ಸೋತರೆ ಎರಡೂ ಕೆಲಸ ಸೋಲುತ್ತವೆ.

ಇಂಥ ಕಾರನ್ನು ಪ್ರೀತಿಸುವವರು ಏನು ಮಾಡುತ್ತಾರೆ ಗೊತ್ತೇ? ತುಕ್ಕು ಹಿಡಿದ ಚಾಸಿಯನ್ನು ತೆಗೆದು, ಸತುವಿನ ಲೇಪ ಹಾಕಿದ ಹೊಸದನ್ನು ಕೂರಿಸುತ್ತಾರೆ. ಲೋಟಸ್ ಕಂಪನಿಯೇ ಮುಂದೆ ಅಂಥ ಚಾಸಿಗಳನ್ನು ಕೊಡತೊಡಗಿತು. ಸತುವಿನ ಲೇಪದಿಂದ ಕಾರಿನ ತೂಕ ತುಸು ಏರುತ್ತದೆ. ಆದರೂ ಅದರ ಓಟ ಕೆಡುವುದಿಲ್ಲ, ತಿರುವಿನಲ್ಲಿ ಮೊದಲಿನಂತೆಯೇ ಹಗುರವಾಗಿ ಹೊರಳುತ್ತದೆ.

ರಿಂಟ್ ತನ್ನ ಪತ್ರದಲ್ಲಿ ಕೇಳಿದ್ದೂ ಇಷ್ಟನ್ನೇ.