ಕ್ಲಾಸ್ ಕೊಟ್ಟ ಕ್ರಿಸ್ಟನ್ ನೈಗಾರ್ಡ್

ಥರ್ಡ್ ಸೆಮ್ ಜಾವಾ ಲ್ಯಾಬ್‌ನಲ್ಲಿ ನಾವು ಬರೆದ ಮೊದಲ ಕ್ಲಾಸ್ ಸ್ಟೂಡೆಂಟ್. ಒಳಗೆ ಹೆಸರು, ಯುಎಸ್‌ಎನ್, ಮಾರ್ಕ್ಸ್. ಎರಡು ಆಬ್ಜೆಕ್ಟ್ ಮಾಡಿದ್ವಿ, ಔಟ್‌ಪುಟ್ ಬಂತು, ರೆಕಾರ್ಡ್‌ಗೆ ಸೈನೂ ಆಯ್ತು. ಆದ್ರೆ ಈ ಕ್ಲಾಸ್ ಅನ್ನೋದು ಮೊದಲು ಯಾರಿಗೆ, ಯಾಕೆ ಬೇಕಾಯ್ತು ಅಂದ್ರೆ ನಮ್ಮ ಬೆಂಚಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಹುಡುಕ್ತಾ ಹೋದಾಗ ಸಿಕ್ಕವರು ಕ್ರಿಸ್ಟನ್ ನೈಗಾರ್ಡ್.

ಹುಟ್ಟಿದ್ದು 1926ರಲ್ಲಿ, ನಾರ್ವೆಯ ಓಸ್ಲೋದಲ್ಲಿ. ಓದಿದ್ದು ಗಣಿತ. 1948ರಿಂದ 1960ರವರೆಗೆ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಆಮೇಲೆ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್. ಅವರ ಕೆಲಸ ಸಿಮ್ಯುಲೇಷನ್. ಕ್ಯೂನಲ್ಲಿ ನಿಂತ ಪ್ರತಿಯೊಂದಕ್ಕೂ ತನ್ನದೇ ಸ್ಥಿತಿ, ತನ್ನದೇ ನಡವಳಿಕೆ ಇರುತ್ತೆ. ಅದನ್ನ ಕಂಪ್ಯೂಟರಿಗೆ ಹೇಳೋದು ಹೇಗೆ? ಇದಕ್ಕಾಗಿ ಓಲೆ-ಯೋಹಾನ್ ಡಾಲ್ ಅವರ ಜೊತೆ ಸೇರಿ ಸಿಮ್ಯುಲಾ ಭಾಷೆ ಕಟ್ಟಿದರು.

ಒಂದು ಸೇತುವೆ, ಒಂದು ಟೋಲ್ ಗೇಟ್, ಮುಂದೆ ಲಾರಿ ಬಸ್ಸುಗಳ ಸಾಲು ಅಂದ್ಕೊಳ್ಳಿ. ಲಾರಿಗೆ ಲೋಡು, ಬಸ್ಸಿಗೆ ಪ್ರಯಾಣಿಕರು. ಆದ್ರೆ ಸಾಲಿನಲ್ಲಿ ನಿಲ್ಲೋ ವಿಷಯಕ್ಕೆ ಬಂದ್ರೆ ಎರಡೂ ಬರೀ ವಾಹನ. ಆ ಸಮಾನ ಭಾಗವನ್ನ ಒಂದೇ ಸಲ ಬರೆದು ಎರಡಕ್ಕೂ ಕೊಡೋಕೆ ಆಗ್ಬೇಕು. ಈ ಒದ್ದಾಟದಿಂದಲೇ ಸಿಮ್ಯುಲಾ 67ಕ್ಕೆ ಕ್ಲಾಸು, ಸಬ್‌ಕ್ಲಾಸು ಬಂದವು. ನಾವು ಕಣ್ಮುಚ್ಚಿ ಟೈಪ್ ಮಾಡೋ ಎಕ್ಸ್‌ಟೆಂಡ್ಸ್‌ಗೆ ಇದೇ ಅಜ್ಜ.

ಆ ವರ್ಷ ಸೆಂಟರ್‌ಗೆ ಹೊಸದಾಗಿ ಸೇರಿದ ಒಬ್ಬರು, ಮೇಲಿನ ಕಾರಿಡಾರಿನ ಬ್ಲ್ಯಾಕ್‌ಬೋರ್ಡ್ ಹತ್ರ ಇಬ್ಬರು ಹೊಡೆದಾಡ್ತಿದ್ದಾರೆ ಅಂತ ಗಾಬರಿಯಿಂದ ಟೆಲಿಫೋನ್ ಆಪರೇಟರ್ ಬಳಿ ಓಡಿದರಂತೆ. ಆಪರೇಟರ್ ಒಂದೆರಡು ಕ್ಷಣ ಕಿವಿಗೊಟ್ಟು, ಏನಿಲ್ಲ, ಡಾಲ್ ಮತ್ತು ನೈಗಾರ್ಡ್ ಸಿಮ್ಯುಲಾ ಚರ್ಚೆ ಮಾಡ್ತಿದ್ದಾರೆ ಅಂತ ಸಮಾಧಾನ ಮಾಡಿದರಂತೆ. (ನಮ್ಮ ಪ್ರಾಜೆಕ್ಟ್ ಟೀಮಿಗೂ ಇಂಥ ಆಪರೇಟರ್ ಒಬ್ಬರು ಬೇಕು.)

ಸಿಮ್ಯುಲಾ ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಆ ಕ್ಲಾಸನ್ನ ಸಿ ಭಾಷೆಗೆ ತಂದರು, ಅದು ಸಿ++ ಆಯ್ತು. ಇಷ್ಟು ಮಾಡಿ ನೈಗಾರ್ಡ್ ಹಾಯಾಗಿ ಇರಬಹುದಿತ್ತು. ಆದ್ರೆ 1970ರ ದಶಕದಲ್ಲಿ ಅವರು ಹೋಗಿದ್ದು ಲೋಹ ಕಾರ್ಮಿಕರ ಯೂನಿಯನ್ ಕಡೆಗೆ. ಕಾರ್ಖಾನೆಗೆ ಕಂಪ್ಯೂಟರ್ ಬಂದ್ರೆ ಯಾರ ಕೆಲಸ ಹೇಗೆ ಬದಲಾಗುತ್ತೆ ಅನ್ನೋದನ್ನ ಕಾರ್ಮಿಕರೇ ತಿಳ್ಕೊಂಡು, ಮ್ಯಾನೇಜ್‌ಮೆಂಟ್ ಎದುರು ಕೂತು ಮಾತಾಡೋ ಹಾಗೆ ಮಾಡೋ ಪ್ರಾಜೆಕ್ಟ್ ಅದು. ಸಿಮ್ಯುಲೇಷನ್‌ನಲ್ಲಿ ಮನುಷ್ಯರೂ ಡಬ್ಬಿಗಳೇ, ಆದ್ರೆ ಆ ಡಬ್ಬಿಗಳಿಗೆ ಸಂಬಳ, ಮನೆ ಎಲ್ಲ ಇರುತ್ತೆ ಅಲ್ವಾ? ಸಿಲಬಸ್‌ನಲ್ಲಿ ಈ ಭಾಗ ಇಲ್ಲ. ನಮಗೆ ಮಾತ್ರ ಇನ್ಹೆರಿಟೆನ್ಸ್‌ಗಿಂತ ಇದೇ ದೊಡ್ಡದು ಅನ್ನಿಸ್ತು.

2001ರ ಟ್ಯೂರಿಂಗ್ ಪ್ರಶಸ್ತಿ ಡಾಲ್, ನೈಗಾರ್ಡ್ ಇಬ್ಬರಿಗೂ ಬಂತು. 2002ರ ಜೂನ್ 29ಕ್ಕೆ ಡಾಲ್ ತೀರಿಕೊಂಡರು. ಆರು ವಾರ ಕಳೆದು, ಆಗಸ್ಟ್ 10ಕ್ಕೆ, ನೈಗಾರ್ಡ್.