ವಾರಕ್ಕೊಮ್ಮೆ ಬರೋ ಡಾಕ್ಟರಮ್ಮ

ವೆಲ್ಲೂರು ಅಂದ ತಕ್ಷಣ ನಮ್ಮ ಮನೆಗಳಲ್ಲಿ ನೆನಪಾಗೋದು ಸಿಎಂಸಿ ಆಸ್ಪತ್ರೆ. ಬೆಂಗಳೂರಿಂದ ಚೆನ್ನೈ ರೈಲು ಹತ್ತಿ, ಕಾಟ್ಪಾಡಿಯಲ್ಲಿ ಇಳಿದು ಎಷ್ಟೋ ಜನ ಅಲ್ಲಿಗೆ ಚಿಕಿತ್ಸೆಗೆ ಹೋಗ್ತಾರೆ. ಆದರೆ ಅದನ್ನು ಕಟ್ಟಿದ ಡಾ. ಐಡಾ ಸ್ಕಡರ್, ರೋಗಿಗಳು ಬರಲಿ ಅಂತ ಕಾಯದೆ ತಾವೇ ರಸ್ತೆಗೆ ಇಳಿದವರು.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ರಾಣಿಪೇಟೆಯಲ್ಲಿ. ತಾತ, ಅಪ್ಪ ಇಬ್ಬರೂ ಅಮೆರಿಕದ ಮಿಷನರಿ ವೈದ್ಯರು. ಐಡಾಗೆ ಮಾತ್ರ ಈ ಬದುಕು ಬೇಡವಾಗಿತ್ತು. ಅಮೆರಿಕದಲ್ಲಿ ಓದಿ ಅಲ್ಲೇ ಇರಬೇಕು ಅನ್ನೋ ಆಸೆ. ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಕ್ಕೆ ಬಂದಿದ್ದಾಗ, ಒಂದು ರಾತ್ರಿ ಮೂರು ಜನ ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದು ಬಾಗಿಲು ತಟ್ಟಿದರು. ಮೂವರ ಮನೆಯಲ್ಲೂ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಐಡಾಗೆ ವೈದ್ಯ ಗೊತ್ತಿಲ್ಲ. ಅಪ್ಪ ಬರ್ತಾರೆ ಅಂದ್ರೆ, ಗಂಡಸು ಡಾಕ್ಟರ್ ಬೇಡ ಅಂತ ಅವರು ವಾಪಸ್ ಹೋದರು. ಬೆಳಗಾಗೋಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಡಾಕ್ಟರ್ ಅದೇ ಊರಲ್ಲಿದ್ದರೂ ಚಿಕಿತ್ಸೆ ಅವರನ್ನು ಮುಟ್ಟಲಿಲ್ಲ.

ಆ ರಾತ್ರಿ ಐಡಾ ಅವರ ದಾರಿ ಬದಲಾಯಿತು. 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಕೀಯ ಪದವಿ ಪಡೆದು, 1900ರಲ್ಲಿ ವೆಲ್ಲೂರಿನ ಒಂದು ಚಿಕ್ಕ ಕೋಣೆಯಲ್ಲಿ ಚಿಕಿತ್ಸೆ ಶುರುಮಾಡಿದರು. 1902ಕ್ಕೆ 40 ಹಾಸಿಗೆಯ ಆಸ್ಪತ್ರೆ ಎದ್ದು ನಿಂತಿತು.

ಆಸ್ಪತ್ರೆ ಏನೋ ಆಯ್ತು, ಅಲ್ಲಿಗೆ ಬರೋದು ಹೇಗೆ? ಹಳ್ಳಿಯವರಿಗೆ ಇದ್ದಿದ್ದು ಎತ್ತಿನ ಗಾಡಿ, ಇಲ್ಲದಿದ್ದರೆ ಕಾಲ್ನಡಿಗೆ. ಒಂದು ದಿನದ ಕೂಲಿ ಬಿಟ್ಟು ಬರೋಕಾಗದೆ, ರೋಗ ಕೈಮೀರಿದ ಮೇಲೆ ಬರ್ತಿದ್ದರು. ಅದಕ್ಕೆ ಐಡಾ ತಾವೇ ಗಾಡಿ ಕಟ್ಟಿಸಿಕೊಂಡು ಹಳ್ಳಿಗಳಿಗೆ ಹೊರಟರು. 1909ರ ಸುಮಾರಿಗೆ ಒಂದು ಪುಟ್ಟ ಪ್ಯೂಜೋ ಕಾರು ಬಂತು. ಮೊದಮೊದಲು ಜನ ಅದನ್ನು ದೆವ್ವ ಅಂತ ತಿಳಿದು ಓಡಿಹೋಗ್ತಿದ್ದರಂತೆ. ಆಮೇಲೆ ಗುಡಿಯಾತ್ತಂ ರಸ್ತೆಯ ಮರಗಳ ಕೆಳಗೆ ಅದೇ ಜನ ಕಾಯತೊಡಗಿದರು: ಕಣ್ಣುನೋವಿನವರು, ಹುಣ್ಣಾದವರು, ಊರು ದೂರ ಇಟ್ಟಿದ್ದ ಕುಷ್ಠರೋಗಿಗಳು.

ಎಂಜಿನಿಯರಿಂಗ್ ಓದೋರಾಗಿ ನಾವು ಗಮನಿಸಬೇಕಾದ್ದು ಕಾರಿನ ಸ್ಪೀಡ್ ಅಲ್ಲ. ಅದೇ ರಸ್ತೆ, ಅದೇ ಮರ, ವಾರದ ಅದೇ ದಿನ. ಗಾಯಕ್ಕೆ ಒಂದು ಸಲ ಪಟ್ಟಿ ಕಟ್ಟಿದರೆ ಸಾಲದು, ಮುಂದಿನ ವಾರ ಬಿಚ್ಚಿ ನೋಡಬೇಕು. ಡಾಕ್ಟರಮ್ಮ ಬಂದೇ ಬರ್ತಾರೆ ಅನ್ನೋ ನಂಬಿಕೆ ಇದ್ದರೇನೇ ಜನ ಮರದ ಕೆಳಗೆ ಬಂದು ನಿಲ್ಲೋದು. ಹೆಬ್ಬಾಳ ಫ್ಲೈಓವರ್‌ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್ ಸೈರನ್ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೇ ಒಳ್ಳೆ ಆಸ್ಪತ್ರೆ ಇದ್ದರೂ ರೋಗಿಗೂ ಅದಕ್ಕೂ ನಡುವಿನ ದಾರಿ ಕೈಕೊಟ್ಟರೆ ಅದು ಇಲ್ಲದ ಹಾಗೆಯೇ.

ಇನ್ನೊಂದು ತೊಂದರೆಯೂ ಅವರಿಗೆ ಕಂಡಿತ್ತು. ಎಲ್ಲ ಒಬ್ಬರೇ ಡಾಕ್ಟರ್ ಮೇಲೆ ನಿಂತರೆ, ಅವರು ಮಲಗಿದ ದಿನ ಎಲ್ಲವೂ ನಿಲ್ಲುತ್ತೆ. ನಮ್ಮ ಭಾಷೆಯಲ್ಲಿ ಇದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು. 1947ರಿಂದ ಅಲ್ಲಿ ಹುಡುಗರಿಗೂ ಪ್ರವೇಶ ಸಿಕ್ಕಿತು.

1960ರ ಮೇ 24ರಂದು ಐಡಾ ಕೊಡೈಕನಾಲ್‌ನಲ್ಲಿ ತೀರಿಕೊಂಡರು. ವೆಲ್ಲೂರಿನ ಸುತ್ತಲ ಹಳ್ಳಿಗಳಿಗೆ ಸಿಎಂಸಿಯ ಗಾಡಿಗಳು ಆಮೇಲೂ ಹೋಗೋದನ್ನ ನಿಲ್ಲಿಸಲಿಲ್ಲ.