ಅಡುಗೆಮನೆಯನ್ನೂ ಮರೆಯದ ಅರಸ

ಸೊರಬದ ಚಂದ್ರಗುತ್ತಿ, ಶಿಕಾರಿಪುರ ಎಲ್ಲಾ ಒಂದು ಕಾಲಕ್ಕೆ ಕೆಳದಿ ರಾಜ್ಯಕ್ಕೇ ಸೇರಿದ್ದವು. ಅದನ್ನಾಳಿದ ಬಸಪ್ಪನಾಯಕ ಅರಮನೇಲಿ ಹುಟ್ಟಿದವನಲ್ಲ. ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರಿಸಿದ ರಾಣಿ ಚೆನ್ನಮ್ಮಾಜಿ ದತ್ತು ತಗೊಂಡ ಹುಡುಗ. ಆಕೆಯ ನಂತರ ಪಟ್ಟವೇರಿ 1714ರವರೆಗೆ ಆಳಿದ.

ರಾಜ್ಯಭಾರದ ನಡುವೆಯೇ 1709ರ ಹೊತ್ತಿಗೆ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ ಬರೆದ: 9 ಕಲ್ಲೋಲ, 108 ತರಂಗ. ರಾಜನೀತಿ, ಸಂಗೀತದ ಜೊತೆ ಅಡುಗೆಗೂ ಅದರಲ್ಲಿ ಜಾಗ ಉಂಟು. ಅಡುಗೆಮನೆ ಹೇಗಿರಬೇಕು, ಪಾತ್ರೆ ಯಾವುದರದ್ದಾಗಿರಬೇಕು ಅನ್ನೋದೂ ಇದೆ.

ನಾವು ಮಿಕ್ಸಿ ಕೊಳ್ಳುವಾಗ ಬರೀ ವ್ಯಾಟ್ ನೋಡ್ತೀವಿ. ಚಟ್ನಿಗೆ ಸಣ್ಣ ಜಾರ್ ಸಾಕು. ಇಡ್ಲಿ ಹಿಟ್ಟಿಗೆ ಕಲ್ಲಿನ ಗ್ರೈಂಡರೇ ಸರಿ, ನಿಧಾನಕ್ಕೆ ತಿರುಗೋದ್ರಿಂದ ಹಿಟ್ಟು ಅಷ್ಟಾಗಿ ಬಿಸಿಯಾಗಲ್ಲ. ಕೆಲಸ ನೋಡಿ ಸಾಮಾನು ಆರಿಸೋದೂ ವಿದ್ಯೆಯೇ. ಅದನ್ನು ಗ್ರಂಥಕ್ಕೆ ಸೇರಿಸಲು ಆ ಅರಸ ನಾಚಲಿಲ್ಲ.